ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ: ವಿಜಯಪುರ ತೋರಿಸಿದ ಗೈಡ್‌ಗೆ ಸಂಬಳ ಯಾರು ಕೊಡ್ತಾರೆ, ಡ್ರೈವರ್ ಎಲ್ಲಿ ಮಲಗ್ಬೇಕು?

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಸರ್, ನಮಸ್ಕಾರ.

ನಾನು ಬೆಂಗಳೂರಲ್ಲಿ ಹೈಸ್ಕೂಲ್ ಟೀಚರ್, ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಈ ಬೇಸಿಗೆ ರಜೆಲಿ ಮನೆಯವರ ಜೊತೆ ವಿಜಯಪುರ ನೋಡ್ಕೊಂಡು ಬಂದೆ. ಊರಿನ ಬಗ್ಗೆ ಬರೆಯೋಕೆ ಬೇಕಾದಷ್ಟಿದೆ, ಆದ್ರೆ ಈ ಪತ್ರ ಬರೀತಿರೋದು ಆ ಊರನ್ನ ನಮಗೆ ತೋರಿಸಿದ ಇಬ್ಬರ ಬಗ್ಗೆ. ಒಬ್ರು ಗೈಡ್, ಇನ್ನೊಬ್ರು ಡ್ರೈವರ್. ಅವರ ಹೆಸರು ಹಾಕಲ್ಲ, ಟ್ರಾವೆಲ್ಸ್ ಹೆಸರು ಹಾಕಲ್ಲ, ಹೋಟೆಲ್ ಹೆಸರೂ ಹಾಕಲ್ಲ. ಹೆಸರು ಬಂದ್ರೆ ಮೊದಲು ಕೆಲಸ ಕಳ್ಕೊಳ್ಳೋದು ಆ ಇಬ್ರೇ, ಅದೊಂದು ಕಾರಣ. ಇನ್ನೊಂದು, ವಾಪಸ್ ಬಂದಮೇಲೆ ನಮ್ಮ ಏರಿಯಾದ ಟ್ಯಾಕ್ಸಿ ಸ್ಟ್ಯಾಂಡಲ್ಲಿ ಬೇರೆ ಡ್ರೈವರ್‌ಗಳನ್ನ ಕೇಳಿದಾಗ ಅವರೆಲ್ಲ ಇದನ್ನ ಕೇಳಿ ಆಶ್ಚರ್ಯನೇ ಪಡ್ಲಿಲ್ಲ, ಹೌದು ಮೇಡಂ ಎಲ್ಲಾ ಕಡೆ ಹಿಂಗೇ ಅಂದ್ರು. ಹಾಗಾಗಿ ಒಂದು ಕಂಪನಿ ಮೇಲೆ ಕಂಪ್ಲೇಂಟ್ ಕೊಟ್ಟು ಮುಗಿಸೋ ವಿಷಯ ಇದಲ್ಲ ಅಂತ ನಿಮಗೇ ಬರೀತಿದೀನಿ.

ನಾವು ತಗೊಂಡಿದ್ದು ಪ್ರೈವೇಟ್ ಪ್ಯಾಕೇಜ್. ನಮ್ಮತ್ತೆ ಹುಟ್ಟಿ ಬೆಳೆದಿದ್ದು ಗುಳೇದಗುಡ್ಡದಲ್ಲಿ, ವಯಸ್ಸಾಗಿದೆ, ಮಂಡಿ ನೋವು, ಬಸ್ಸಲ್ಲಿ ಅಷ್ಟು ದೂರ ಆಗಲ್ಲ. ಚಿಕ್ಕವರಿದ್ದಾಗ ಅಪ್ಪನ ಜೊತೆ ಬಿಜಾಪುರಕ್ಕೆ ಹೋಗಿದ್ದರಂತೆ, ಇನ್ನೊಂದ್ಸಲ ನೋಡ್ಬೇಕು ಅಂತ ತುಂಬಾ ವರ್ಷದಿಂದ ಹೇಳ್ತಾನೇ ಇದ್ರು. ಕಾರು, ಡ್ರೈವರ್, ಹೋಟೆಲ್, ಊರಲ್ಲಿ ನಮಗೆ ಅಂತಾನೇ ಒಬ್ಬ ಗೈಡ್, ಎಲ್ಲಾ ಸೇರಿಸಿ ಒಂದು ರೇಟ್ ಹೇಳಿದ್ರು, ಒಪ್ಕೊಂಡ್ವಿ. ಬಿಲ್ಲಲ್ಲಿ ಗೈಡ್ ಚಾರ್ಜ್ ಬೇರೆ ಬರೆದಿದ್ರು, ಡ್ರೈವರ್ ನೈಟ್ ಹಾಲ್ಟ್ ಅಂತನೂ ಬೇರೆ ಬರೆದಿದ್ರು. ಈ ಎರಡು ಲೈನನ್ನ ದಯವಿಟ್ಟು ನೆನಪಿಟ್ಕೊಳಿ ಸರ್.

ಬೆಂಗಳೂರಿಂದ ವಿಜಯಪುರ ಅಂದ್ರೆ 500 ಕಿಲೋಮೀಟರ್ ಮೇಲೆ. ತುಮಕೂರು, ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಇಳಕಲ್ ಮೇಲೆ ಹೋಗ್ಬೇಕು. ಡ್ರೈವರ್ ಬೆಳಗಿನ ಜಾವ ನಮ್ಮ ಮನೆ ಮುಂದೆ ಬಂದಾಗಲೇ ಹಿಂದಿನ ರಾತ್ರಿ ಏರ್‌ಪೋರ್ಟ್ ಡ್ರಾಪ್ ಮುಗಿಸಿ ಬಂದಿದ್ದ. ಮೂವತ್ತರ ಆಸುಪಾಸಿನ ಹುಡುಗ, ಮನೆಲಿ ಚಿಕ್ಕ ಮಗು ಇದೆ ಅಂದ. ದಾರಿಯುದ್ದಕ್ಕೂ ಒಂದು ಕೆಟ್ಟ ಮಾತಿಲ್ಲ, ಒಂದು ರಾಂಗ್ ಓವರ್‌ಟೇಕ್ ಇಲ್ಲ, ನಮ್ಮತ್ತೆ ಎಲ್ಲಿ ಹೇಳಿದ್ರೆ ಅಲ್ಲಿ ನಿಲ್ಲಿಸಿ ಕೈ ಹಿಡ್ಕೊಂಡು ಇಳಿಸ್ತಿದ್ದ. ಸಂಜೆ ಹೋಟೆಲ್ ಮುಟ್ಟಿದ್ವಿ, ರೂಮಿಗೆ ಹೋದ್ವಿ, ಊಟ ಆಯ್ತು. ರಾತ್ರಿ ನಮ್ಮತ್ತೆ ಮಾತ್ರೆ ಪೌಚ್ ಕಾರಲ್ಲೇ ಬಿಟ್ಟಿದ್ದಾರೆ ಅಂತ ಗೊತ್ತಾಗಿ ನಾನು ಕೆಳಗೆ ಹೋದೆ.

ಆ ಹುಡುಗ ಕಾರಲ್ಲೇ ಮಲಗಿದ್ದ ಸರ್. ಏಪ್ರಿಲ್ ತಿಂಗಳ ವಿಜಯಪುರ ಹೆಂಗಿರತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ, ಹಗಲು 40 ಡಿಗ್ರಿ, ರಾತ್ರಿ ಹತ್ತಾದ್ರೂ ಗೋಡೆ ಮುಟ್ಟಿದ್ರೆ ಬಿಸಿ. ಗ್ಲಾಸ್ ಏರಿಸಿದ್ರೆ ಉಸಿರು ಕಟ್ಟತ್ತೆ, ಇಳಿಸಿದ್ರೆ ಸೊಳ್ಳೆ, ಇಂಜಿನ್ ಆನ್ ಇಟ್ಟು ಏಸಿ ಹಾಕ್ಕೊಂಡು ಮಲಗಿದ್ರೆ ಹೊಗೆ ಒಳಗೆ ಬಂದು ಪ್ರಾಣಕ್ಕೇ ಕುತ್ತು. ಸೀಟು ಹಿಂದಕ್ಕೆ ಬಗ್ಗಿಸಿ, ಬಾಗಿಲು ಅರ್ಧ ತೆಗೆದು, ಮುಖದ ಮೇಲೆ ಟವೆಲ್ ಹಾಕ್ಕೊಂಡಿದ್ದ. ಯಾಕಪ್ಪ ರೂಮ್ ಕೊಟ್ಟಿಲ್ವಾ ಅಂದ್ರೆ, ಡ್ರೈವರ್‌ಗೆಲ್ಲಾ ಇಲ್ಲಿ ರೂಮ್ ಇಲ್ಲ ಮೇಡಂ, ನಮಗೆ ಅಭ್ಯಾಸ ಆಗಿದೆ ಅಂದ. ಬಾತ್‌ರೂಮಿಗೆ ಏನ್ ಮಾಡ್ತೀಯ ಅಂದಿದ್ದಕ್ಕೆ ತಲೆ ತಗ್ಗಿಸಿದ, ಆಮೇಲೆ ಬೆಳಗ್ಗೆ ಪೆಟ್ರೋಲ್ ಬಂಕಿಗೆ ಹೋಗ್ತೀನಿ ಅಂದ. ಹೋಟೆಲ್ ಸೆಕ್ಯುರಿಟಿಯವರನ್ನ ಕೇಳಿದೆ, ಗೆಸ್ಟ್‌ಗಳಿಗೆ ಮಾತ್ರ ಅಮ್ಮ, ಮ್ಯಾನೇಜರ್ ಬೈತಾರೆ ಅಂದ್ರು. ಅವರನ್ನ ದೂರಿ ಏನ್ ಪ್ರಯೋಜನ, ಅವರೂ ಗೇಟಲ್ಲಿ ಪ್ಲಾಸ್ಟಿಕ್ ಚೇರ್ ಮೇಲೆ ರಾತ್ರಿ ಕಳೆಯೋರೇ. ಟ್ರಾವೆಲ್ಸ್‌ಗೆ ಫೋನ್ ಮಾಡಿ, ನೈಟ್ ಹಾಲ್ಟ್ ಅಂತ ದುಡ್ಡು ತಗೊಂಡಿದೀರಲ್ಲ ಅದು ಎಲ್ಲಿಗೆ ಹೋಯ್ತು ಅಂದೆ. ಅದು ಬಾಟಾ ಮೇಡಂ, ಡ್ರೈವರ್ ದಿನಭತ್ಯೆ, ಅವನು ಅಡ್ಜಸ್ಟ್ ಮಾಡ್ಕೋತಾನೆ ಅಂದ್ರು. ಆ ಬಾಟಾದಲ್ಲಿ ಮೂರು ಹೊತ್ತಿನ ಊಟ ತಿಂಡಿ ಕಳೆದ್ರೆ ಯಾವ ಲಾಡ್ಜಲ್ಲೂ ಮಂಚ ಸಿಗಲ್ಲ, ಮಿಕ್ಕಿದ್ದನ್ನ ಮನೆಗೆ ಕಳಿಸ್ಬೇಕು ಅಂತ ಹುಡುಗ ಹೇಳಿದ. ನಮ್ಮ ಮನೆಯವರು ಅಲ್ಲೇ ಹತ್ರ ಒಂದು ಸಣ್ಣ ಲಾಡ್ಜ್ ಹುಡುಕಿ ರೂಮ್ ಮಾಡಿಸಿದ್ರು, ಬೇಡ ಬೇಡ ಅಂತಾನೇ ಹೋದ. ಎಲ್ಲಾ ಗಿರಾಕಿಗಳಿಗೂ ಹೀಗೆ ಮಾಡೋಕೆ ಆಗಲ್ಲ, ಮಾಡ್ಬೇಕಾಗಿದ್ದು ಅವರ ಕೆಲಸನೂ ಅಲ್ಲ, ದುಡ್ಡು ತಗೊಂಡವರ ಕೆಲಸ.

ಇನ್ನು ಗೈಡ್ ವಿಷಯ. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ ಸರ್, ಯಾಕಂದ್ರೆ ಆ ಮನುಷ್ಯರ ಹತ್ರ ಏನಿದೆ ಅಂತ ಗೊತ್ತಾಗದಿದ್ರೆ ನಾವು ಏನು ಕಳ್ಕೊಳ್ತಿದೀವಿ ಅಂತನೂ ಗೊತ್ತಾಗಲ್ಲ.

ಅವರು ಅರವತ್ತರ ಹತ್ತಿರದವರು, ಹುಟ್ಟಿದ್ದೇ ಆ ಊರಲ್ಲಿ. ನಾವೆಲ್ಲ ಕಾಕಾ ಅಂತ ಕರೆದ್ವಿ. ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಗೋಲಗುಮ್ಮಟದ ಹತ್ರ ಕಾಯ್ತಿದ್ರು, ಜನ ಬರೂಕಿಂತ ಮದ್ಲ ಮ್ಯಾಲ ಹೋಗೂಣ್ರಿ ಅಕ್ಕಾರ, ಆಮ್ಯಾಲೆ ಬರೇ ಸೀಟಿ ಹೊಡಿತಾರ್ರಿ ಅಂದ್ರು. ಮೂಲೆ ಮಿನಾರಿನ ಒಳಗಿನ ಮೆಟ್ಟಿಲು ಹತ್ತೋಕೆ ನಮ್ಮತ್ತೆಗೆ ಆಗಲ್ಲ, ಅವರನ್ನ ಕೆಳಗೆ ನೆರಳಲ್ಲಿ ಕೂರಿಸಿ, ಅಲ್ಲಿದ್ದ ಪರಿಚಯದವರಿಗೆ ನೋಡ್ಕೊಳ್ಳೋಕೆ ಹೇಳಿ, ನಮ್ಮನ್ನ ಕರ್ಕೊಂಡು ಹೋದ್ರು. ಗುಮ್ಮಟದ ಸುತ್ತ ಇರೋ ಗ್ಯಾಲರಿಲಿ ನನ್ನನ್ನ ಒಂದು ಕಡೆ ಗೋಡೆಗೆ ಕಿವಿ ಇಟ್ಟು ಕೂರೋಕೆ ಹೇಳಿ ಅವರು ಎದುರು ಬದಿಗೆ ನಡ್ಕೊಂಡು ಹೋದ್ರು, ಅಲ್ಲಿಂದ ಪಿಸುಗುಟ್ಟಿದ ಮಾತು ಗೋಡೆಯಿಂದಾನೇ ಬಂದಂಗೆ ಕೇಳಿಸ್ತು. ಆಮೇಲೆ ಕೂರಿಸಿ ಹೇಳಿದ್ರು, 1627ರಿಂದ 1656ರ ತನಕ ಆಳಿದ ಮುಹಮ್ಮದ್ ಆದಿಲ್ ಶಾನ ಸಮಾಧಿ ಇದು, ಕೆಳಗಿನ ಹಾಲ್ ಒಂದೊಂದು ಬದಿ 135 ಅಡಿ, ನಡುವೆ ಒಂದೇ ಒಂದು ಕಂಬ ಇಲ್ಲ. ಇಷ್ಟು ದೊಡ್ಡ ಗುಮ್ಮಟದ ಭಾರ ಎಲ್ಲಿಗೆ ಇಳಿಯತ್ತೆ ಅಂತ ನಾನು ಕೇಳಿದೆ. ಕೆಳಗೆ ಬಂದಮೇಲೆ ಎಂಟು ದಿಕ್ಕಿಂದ ಬಂದು ಒಂದಕ್ಕೊಂದು ಹೆಣೆದುಕೊಂಡಿರೋ ಕಮಾನುಗಳನ್ನ ಬೆರಳು ಮಾಡಿ ತೋರಿಸಿ, ಚೌಕ ಹೆಂಗೆ ಎಂಟು ಮೂಲೆ ಆಗಿ ಆಮೇಲೆ ದುಂಡಗಾಗತ್ತೆ ಅಂತ ನನ್ನ ನೋಟ್‌ಬುಕ್ಕಲ್ಲೇ ಚಿತ್ರ ಬರೆದು ತೋರಿಸಿದ್ರು. ಇಷ್ಟು ವರ್ಷ ಪುಸ್ತಕ ಇಟ್ಕೊಂಡು ಪಾಠ ಮಾಡಿರೋ ನನಗೆ ಇದನ್ನ ಹೀಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೇ ಇಬ್ರಾಹಿಂ ಆದಿಲ್ ಶಾನ ಸಮಾಧಿ ಇರೋ ಇಬ್ರಾಹಿಂ ರೋಜಾಗೆ ಹೋಗ್ತಾ ದಾರಿಲಿ ಮಲಿಕ್-ಎ-ಮೈದಾನ್ ತೋಪು ತೋರಿಸಿದ್ರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದಿದ್ದು, 55 ಟನ್ ತೂಕ, ಬಾಯಿ ಹತ್ರ ಸಿಂಹ ಆನೆನ ನುಂಗೋ ಹಂಗೆ ಕೆತ್ತಿದ್ದಾರೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನ ಹರಾಜಿಗೆ ಹಾಕಿದಾಗ ಬಂದ ದೊಡ್ಡ ಬಿಡ್ಡು 150 ರೂಪಾಯಿ ಅಂತೆ, ಅದು ತೀರಾ ಕಮ್ಮಿ ಆಯ್ತು ಅಂತ ಮಾರಾಟ ಕೈಬಿಟ್ಟಿದ್ದರಿಂದ ಇವತ್ತು ನಮಗೆ ಉಳಿದಿದೆ. ಇಬ್ರಾಹಿಂ ರೋಜಾದಲ್ಲಿ ಕಲ್ಲಲ್ಲೇ ಅಕ್ಷರ ಕೊರೆದು ಮಾಡಿದ ಜಾಲಂಧ್ರದ ಒಳಗಿಂದ ಬೆಳಕು ಹೆಂಗೆ ಬರತ್ತೆ ನೋಡಿ ಅಂತ ನಿಲ್ಲಿಸಿದ್ರು, ಸಜ್ಜದ ಕೆಳಗೆ ಇಳಿಬಿದ್ದಿರೋ ಕಲ್ಲಿನ ಸರಪಳಿ ತೋರಿಸಿದ್ರು. ಎರಡನೇ ಇಬ್ರಾಹಿಂ ಸರಸ್ವತಿ ಮೇಲೆ ಹಾಡು ಕಟ್ಟಿದ ದೊರೆ, ಜನ ಅವನನ್ನ ಜಗದ್ಗುರು ಅಂತಿದ್ರು ಅಂತ ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆ ನೋಡ್ಬೇಕಿತ್ತು. ನಮ್ಮತ್ತೆ ಮತ್ತೆ ಅವರು ಇಬ್ರೂ ಆ ಕಡೆ ಭಾಷೆಲೇ ಮಾತಿಗೆ ಬಿದ್ದು ಗುಳೇದಗುಡ್ಡದ ಖಣ, ಇಳಕಲ್ ಸೀರೆ, ಜೋಳದ ರೊಟ್ಟಿ ಎಲ್ಲಾ ಬಂದು ಹೋಯ್ತು.

ಇಷ್ಟೊತ್ತಿಗೆ ಟ್ರಾವೆಲ್ಸ್‌ನ ಲೋಕಲ್ ಏಜೆಂಟಿಂದ ಫೋನ್ ಮೇಲೆ ಫೋನ್. ನಾವು ತಾಜ್ ಬಾವಡಿ ಅನ್ನೋ ಹಳೇ ದೊಡ್ಡ ಬಾವಿ ನೋಡ್ಬೇಕು ಅಂದಿದ್ವಿ. 1651ರಲ್ಲಿ ಕಟ್ಟಿದ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಪೈಪಲ್ಲಿ ಊರೊಳಗೆ ನೀರು ತಂದಿದ್ದು ಹೆಂಗೆ, ನಡುವೆ ನೀರಿನ ಒತ್ತಡ ತಡೆಯೋಕೆ ಕಟ್ಟಿದ ಗಂಜ್ ಅನ್ನೋ ಗೋಪುರಗಳು ಎಲ್ಲಿವೆ, ತೊರವಿ ಕಡೆಯಿಂದ ಬಂದ ಸುರಂಗದ ನೀರು ಯಾವ ದಾರಿಲಿ ಬರ್ತಿತ್ತು, ಇದನ್ನೆಲ್ಲಾ ತೋರಿಸ್ತೀನಿ ಅಂತ ಕಾಕಾ ಖುಷಿಯಾಗಿ ಹೇಳಿದ್ರು, ಇದನ್ನ ಕೇಳೋರೇ ಯಾರೂ ಇಲ್ರಿ ಅಂತನೂ ಅಂದ್ರು. ನೀರಿಲ್ಲದ ಬಯಲುಸೀಮೆಲಿ ಒಂದು ರಾಜಧಾನಿ ಬದುಕಿದ್ದು ಹೆಂಗೆ ಅನ್ನೋದೇ ಆ ಊರಿನ ನಿಜವಾದ ಕಥೆ ಅಂತ ನನಗನ್ಸತ್ತೆ, ಮಕ್ಕಳಿಗೆ ಹೇಳ್ಬೇಕಾಗಿರೋದೂ ಅದನ್ನೇ. ಫೋನ್ ಬಂದಮೇಲೆ ಅವರ ಮುಖ ಬಾಡಿತು. ಪ್ರೋಗ್ರಾಂ ಪ್ರಕಾರ ಈಗ ಸೀರೆ ಅಂಗಡಿಗೆ ಹೋಗ್ಬೇಕ್ರಿ ಅಂದ್ರು. ನಮಗೆ ಸೀರೆ ಬೇಡ ಅಂದ್ವಿ. ಒಂದು ಅರ್ಧ ಗಂಟೆ ಕುಂತು ಬರ್ರಿ ಸಾಕು, ತಗೋಬ್ಯಾಡ್ರಿ, ಹೋಗ್ಲಿಲ್ಲಂದ್ರ ನನಗ ತ್ರಾಸ ಆಗ್ತೈತ್ರಿ ಅಂದ್ರು. ಅಷ್ಟು ವಯಸ್ಸಿನವರು ಹಾಗೆ ಕೇಳಿದಮೇಲೆ ಇಲ್ಲ ಅನ್ನೋಕಾಗ್ಲಿಲ್ಲ.

ಅಂಗಡಿಲಿ ಅಸಲಿ ಕೈಮಗ್ಗದ ಇಳಕಲ್ ಅಂತ ಒಂದು ಸೀರೆ ಬಿಚ್ಚಿ ಹಾಕಿದ್ರು. ನಮ್ಮತ್ತೆ ಜೀವಮಾನ ಎಲ್ಲಾ ಇಳಕಲ್ ಉಟ್ಟವರು. ಸೆರಗು ಮೈ ಸೇರೋ ಜಾಗನ ಬೆರಳಲ್ಲಿ ಸವರಿ ನೋಡಿದ್ರು. ಅಸಲಿ ಇಳಕಲ್ಲಲ್ಲಿ ಮೈ ಹಾಸಿನ ದಾರಕ್ಕೆ ಸೆರಗಿನ ರೇಷ್ಮೆ ದಾರನ ಒಂದೊಂದಾಗಿ ಕೊಕ್ಕೆ ಹಾಕಿ ಸೇರಿಸ್ತಾರೆ, ತೋಪ್ ತೆನಿ ಅಂತಾರೆ. ಇದರಲ್ಲಿ ಅದು ಇರಲೇ ಇಲ್ಲ. ಇದು ಮಷೀನಿಂದು ತಮ್ಮಾ ಅಂದ್ರು ಅಷ್ಟೆ. ಹೇಳಿದ ರೇಟು ಮಾತ್ರ ಕೈಮಗ್ಗದ್ದು. ಇಳಕಲ್ ನೇಕಾರರಿಗೂ ಇದರಿಂದ ಆಗೋ ಅನ್ಯಾಯ ಸಣ್ಣದಲ್ಲ ಸರ್, ಅದು ಇನ್ನೊಂದು ಪತ್ರದ ವಿಷಯ. ನಾವು ಏನೂ ತಗೊಳ್ದೆ ಹೊರಗೆ ಬಂದ್ವಿ. ಕಾಕಾ ಒಳಗೆ ಬಂದೇ ಇರಲಿಲ್ಲ, ರಸ್ತೆ ಆಚೆ ನಿಂತಿದ್ರು.

ಕಾರಲ್ಲಿ ಕೂತಮೇಲೆ ಅವರೇ ಹೇಳಿದ್ರು, ನಾವು ಕೇಳಿರಲಿಲ್ಲ. ನಮ್ಮ ಬಿಲ್ಲಲ್ಲಿ ಗೈಡ್ ಚಾರ್ಜ್ ಅಂತ ಹಾಕಿರೋ ದುಡ್ಡಲ್ಲಿ ಅರ್ಧಕ್ಕಿಂತ ಕಮ್ಮಿ ಅವರ ಕೈಗೆ ಬರತ್ತೆ, ಅದೂ ಎಷ್ಟೋ ದಿನ ಆದಮೇಲೆ. ಮಿಕ್ಕಿದ್ದು ಅಂಗಡಿ ಕಮಿಷನ್ನಿಂದ ನೀನೇ ಮಾಡ್ಕೋ ಅನ್ನೋದು ಒಪ್ಪಂದ. ಪಾರ್ಟಿನ ಅಂಗಡಿಗೆ ಕರ್ಕೊಂಡು ಹೋಗದಿದ್ರೆ ಮುಂದಿನ ಪಾರ್ಟಿ ಇನ್ನೊಬ್ಬ ಗೈಡಿಗೆ ಹೋಗತ್ತೆ. 2020ರ ಮಾರ್ಚಲ್ಲಿ ಸ್ಮಾರಕಗಳೆಲ್ಲ ಬಂದ್ ಆದಾಗ ತಿಂಗಳುಗಟ್ಟಲೆ ತರಕಾರಿ ಮಾರಿ ಮನೆ ನಡೆಸಿದ್ರಂತೆ, ಆಗ ಒಬ್ಬ ಏಜೆಂಟೂ ಫೋನ್ ಮಾಡಿ ಹೆಂಗಿದೀಯ ಅಂತ ಕೇಳ್ಲಿಲ್ಲ ಅಂದ್ರು. ಮಾಹಿತಿ ಹೇಳಾಕ ನನಗ ಆಸೆ ಐತ್ರಿ, ಅಂಗಡಿ ಮುಂದ ನಿಂದ್ರಾಕ ನಾಚಿಕಿ ಆಗ್ತೈತ್ರಿ ಅಂದ್ರು.

ಗೈಡ್‌ಗಳು ಮೋಸ ಮಾಡ್ತಾರೆ, ಅಂಗಡಿಗೆ ಎಳ್ಕೊಂಡು ಹೋಗ್ತಾರೆ ಅಂತ ಟೂರಿಗೆ ಹೋಗಿ ಬಂದವರೆಲ್ಲ ಬೈತಾರೆ. ಅವರ ದಿನದ ಸಂಬಳ ಕಿತ್ಕೊಂಡು, ಹೊಟ್ಟೆಪಾಡಿಗೆ ಅಂಗಡಿ ಬಾಗಿಲು ತೋರಿಸ್ತಿರೋದು ಯಾರು ಅಂತ ಯಾರೂ ಕೇಳಲ್ಲ. ಗಿರಾಕಿ ಕೊಟ್ಟ ದುಡ್ಡು ಗಿರಾಕಿ ಸೇವೆ ಮಾಡಿದವರಿಗೆ ಸೇರ್ತಿಲ್ಲ, ನಾನು ಕಣ್ಣಾರೆ ಕಂಡಿದ್ದು ಇಷ್ಟೇ ಸರ್. ತಾಜ್ ಬಾವಡಿ ನಾವು ಕೊನೆಗೂ ನೋಡ್ಲಿಲ್ಲ, ಬಾರಾ ಕಮಾನ್ ಕಾರಿಂದಲೇ ನೋಡಿದ್ವಿ, ಜುಮ್ಮಾ ಮಸೀದಿಗೆ ಹೋಗೋಕೆ ಟೈಮೇ ಉಳೀಲಿಲ್ಲ. ಎಷ್ಟೋ ಜನ ಗೋಲಗುಮ್ಮಟದಲ್ಲಿ ಒಂದು ಸಲ ಕೂಗಿ, ಪ್ರತಿಧ್ವನಿ ಕೇಳಿ, ಫೋಟೋ ಹೊಡ್ಕೊಂಡು ವಿಜಯಪುರ ಮುಗೀತು ಅಂತ ಬರ್ತಾರೆ ಅಂದ್ರೆ ಅದಕ್ಕೆ ಕಾರಣ ಜನರ ಆಸಕ್ತಿ ಕಮ್ಮಿ ಅನ್ನೋದೊಂದೇ ಅಲ್ಲ, ಅರ್ಧ ದಿನ ಅಂಗಡಿಗೆ ಮಾರಿರೋ ಪ್ರೋಗ್ರಾಂ ಕೂಡ ಕಾರಣ.

ವಾಪಸ್ ಬರೋ ದಿನದ್ದು ಹೇಳ್ದೇ ಇರೋಕಾಗಲ್ಲ. ಇಡೀ ದಿನ ಊರಲ್ಲಿ ಸುತ್ತಿ ಸಂಜೆ ಹೊರಟು ರಾತ್ರಿಯೆಲ್ಲಾ ಓಡಿಸಿ ಬೆಳಗ್ಗೆ ಬೆಂಗಳೂರು ಮುಟ್ಟಿಸ್ಬೇಕು ಅನ್ನೋದು ಪ್ಲಾನ್, ಯಾಕಂದ್ರೆ ಅದೇ ಕಾರಿಗೆ ಅದೇ ಡ್ರೈವರ್‌ಗೆ ಬೆಳಗ್ಗೆ ಆರಕ್ಕೆ ಇನ್ನೊಂದು ಡ್ಯೂಟಿ ಹಾಕಿದ್ರು. ಚಿತ್ರದುರ್ಗ ದಾಟೋ ಹೊತ್ತಿಗೆ ಹುಡುಗ ಕಣ್ಣಿಗೆ ನೀರು ಚಿಮುಕಿಸ್ಕೊಳ್ತಾ ಇದ್ದ, ಮುಂದೆ ಕೂತಿದ್ದ ನಮ್ಮ ಮನೆಯವರು ಅವನನ್ನ ಮಾತಾಡಿಸ್ತಾನೇ ಇದ್ರು. ಆಮೇಲೆ ಒಂದು ಡಾಬಾ ಹತ್ರ ಜೋರು ಮಾಡಿ ನಿಲ್ಲಿಸಿ ಬೆಳಕು ಹರಿಯೋ ತನಕ ಮಲಗಿಸಿದ್ವಿ. ಆ ಡ್ಯೂಟಿಗೆ ಲೇಟಾಯ್ತು ಅಂತ ಅವನ ದುಡ್ಡಲ್ಲಿ ಕಟ್ ಮಾಡಿದ್ರು ಅಂತ ಆಮೇಲೆ ಗೊತ್ತಾಯ್ತು. ಆ ಕಾರಲ್ಲಿ ವಯಸ್ಸಾದವರಿದ್ರು ಸರ್. ಎದುರಿಂದ ಬರೋ ಗಾಡಿಗಳಲ್ಲೂ ಜನ ಇರ್ತಾರೆ. 1961ರಲ್ಲೇ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಬರೆದಿದ್ರು, ಐದು ಗಂಟೆ ಓಡಿಸಿದ್ರೆ ಅರ್ಧ ಗಂಟೆ ವಿಶ್ರಾಂತಿ ಅಂತನೂ ಇತ್ತು. ಆದ್ರೆ ಆ ಕಾಯ್ದೆ ಹೇಳಿದ್ದು ಐದು ಮತ್ತೆ ಅದಕ್ಕಿಂತ ಜಾಸ್ತಿ ಕೆಲಸಗಾರರಿರೋ ಸಂಸ್ಥೆಗಳಿಗೆ. ನಮ್ಮ ಡ್ರೈವರ್ ಥರದವರು ಕಾಗದದಲ್ಲಿ ಯಾರ ಕೆಲಸಗಾರರೂ ಅಲ್ಲ, ಟ್ರಿಪ್ಪಿಗೆ ಬರೋರು ಅಷ್ಟೆ, ಅವರ ಗಂಟೆ ಎಣಿಸೋರು ಯಾರು?

ಈಗ ನನ್ನ ವಿನಂತಿಗಳನ್ನ ಹೇಳ್ತೀನಿ.

ಮೊದಲನೇದು ಡ್ರೈವರ್‌ಗಳ ವಸತಿ. ತಮಿಳುನಾಡು ಸರ್ಕಾರ 2023ರಲ್ಲಿ ತನ್ನ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲು ಲಾಡ್ಜುಗಳು ಗೆಸ್ಟ್‌ಗಳ ಡ್ರೈವರ್‌ಗಳಿಗೆ ಡಾರ್ಮಿಟರಿ ಮತ್ತು ಟಾಯ್ಲೆಟ್ ಕೊಡಲೇಬೇಕು ಅಂತ ಮಾಡಿದೆ. ಒಂದು ಕಾರ್ ಪಾರ್ಕಿಂಗ್ ಜಾಗಕ್ಕೆ ಒಂದು ಹಾಸಿಗೆ ಲೆಕ್ಕ, ಹೋಟೆಲ್ ಒಳಗೆ ಜಾಗ ಇಲ್ದಿದ್ರೆ 250 ಮೀಟರ್ ಒಳಗೆ ಎಲ್ಲಾದ್ರೂ ಆಗಬಹುದು. ಪಕ್ಕದ ರಾಜ್ಯದಲ್ಲಿ ಆಗಿರೋದು ನಮ್ಮಲ್ಲಿ ಯಾಕೆ ಆಗ್ಬಾರ್ದು? ಇದು ನಗರಾಭಿವೃದ್ಧಿ ಇಲಾಖೆ ಕೆಲಸ ಅಂತ ಫೈಲು ಆ ಕಡೆ ಈ ಕಡೆ ಹೋಗೋದು ಬೇಡ, ಪ್ರವಾಸೋದ್ಯಮ ಸಚಿವರಾಗಿ ನೀವೇ ಕೂತು ಮಾತಾಡಿ ಮಾಡಿಸ್ಬೇಕು. ಹೊಸ ಹೋಟೆಲ್‌ಗಳಿಗೆ ಸಬ್ಸಿಡಿ ರಿಯಾಯಿತಿ ಕೊಡುವಾಗಲಾದ್ರೂ ಇದನ್ನ ಷರತ್ತಾಗಿ ಹಾಕಿ. ಹಳೇ ಹೋಟೆಲ್‌ಗಳು ನಾಳೆಯಿಂದಲೇ ಟಾಯ್ಲೆಟ್ ಬಿಟ್ಟುಕೊಡೋಕೆ ಕಟ್ಟಡ ಕಟ್ಟಬೇಕಾಗಿಲ್ಲ, ಒಂದು ಆದೇಶ ಸಾಕು. ನಿಮ್ಮ ಇಲಾಖೆಯೇ ಪ್ರವಾಸಿ ಟ್ಯಾಕ್ಸಿ ಯೋಜನೆಲಿ ಸಹಾಯಧನ ಕೊಟ್ಟು ಎಷ್ಟೋ ಯುವಕರಿಗೆ ಹಳದಿ ಬೋರ್ಡ್ ಕಾರು ಕೊಡಿಸಿದೆ. ಕಾರು ಕೊಡಿಸಿದಮೇಲೆ ಅವರು ಮಲಗೋ ಜಾಗದ ಬಗ್ಗೆನೂ ಯೋಚಿಸ್ಬೇಕಲ್ವಾ ಸರ್.

ಸ್ಮಾರಕಗಳ ಪಾರ್ಕಿಂಗಲ್ಲೂ ಡ್ರೈವರ್‌ಗಳು ಬಿಸಿಲಲ್ಲಿ ಗಂಟೆಗಟ್ಟಲೆ ಕಾಯ್ತಾರೆ. ಒಂದು ನೆರಳಿನ ಶೆಡ್, ಕುಡಿಯೋ ನೀರು, ಬೆಂಚು, ಕಾಲು ಚಾಚೋಕೆ ಒಂದಿಷ್ಟು ಜಾಗ. ಇದು ದೊಡ್ಡ ಖರ್ಚಿನ ಕೆಲಸ ಅಲ್ಲ.

ಎರಡನೇದು ಗೈಡ್‌ಗಳ ಫೀಸು. ಅರ್ಧ ದಿನಕ್ಕೆ ಎಷ್ಟು, ಇಡೀ ದಿನಕ್ಕೆ ಎಷ್ಟು, ಎಷ್ಟು ಜನರಿಗೆ ಎಷ್ಟು ಅಂತ ಪ್ರತಿ ಸ್ಮಾರಕದ ಟಿಕೆಟ್ ಕೌಂಟರ್ ಹತ್ರ ಕನ್ನಡದಲ್ಲಿ ದೊಡ್ಡ ಬೋರ್ಡ್ ಹಾಕ್ಸಿ. ಟ್ರಾವೆಲ್ಸ್‌ನವರು ಬಿಲ್ಲಲ್ಲಿ ಗೈಡ್ ಚಾರ್ಜ್ ಅಂತ ಬರೆದ್ರೆ ಅಷ್ಟೂ ದುಡ್ಡು ಗೈಡ್ ಅಕೌಂಟಿಗೇ ಹೋಗ್ಬೇಕು, ಅವರ ಸರ್ವಿಸ್ ಚಾರ್ಜ್ ಬೇಕಿದ್ರೆ ಬೇರೆ ಲೈನಲ್ಲಿ ಬರೆದು ತಗೊಳ್ಲಿ, ನಾವು ಕೊಡ್ತೀವಿ. ಡ್ರೈವರ್ ನೈಟ್ ಹಾಲ್ಟ್‌ಗೂ ಇದೇ ನಿಯಮ ಆಗ್ಬೇಕು. ಈಗ ಎಲ್ಲರ ಫೋನಲ್ಲೂ ಯುಪಿಐ ಇದೆ, ಗಿರಾಕಿನೇ ನೇರವಾಗಿ ಗೈಡಿಗೆ ಕಳಿಸೋ ಹಂಗೆ ಮಾಡಿದ್ರೆ ನಡುವೆ ಸೋರೋ ಪ್ರಶ್ನೆನೇ ಬರಲ್ಲ.

ಪ್ರೋಗ್ರಾಂಲಿ ಅಂಗಡಿಗಳಿದ್ರೆ ಬುಕಿಂಗ್ ಮಾಡುವಾಗಲೇ ಬರೆದು ತಿಳಿಸ್ಬೇಕು, ಬೇಡ ಅನ್ನೋ ಹಕ್ಕು ನಮಗಿರ್ಬೇಕು, ಬೇಡ ಅಂದಿದ್ದಕ್ಕೆ ಗೈಡಿಗೆ ಡ್ರೈವರಿಗೆ ಕೆಲಸ ತಪ್ಪಬಾರ್ದು. ಸೀರೆ ಬೇಕಾದವರಿಗೆ ಇಳಕಲ್ಲಿಗೇ ಕರ್ಕೊಂಡು ಹೋಗಿ ನೇಕಾರರ ಮಗ್ಗದ ಮುಂದೆ ನಿಲ್ಲಿಸಿ, ನಾವು ಹೋಗೋ ದಾರಿಲೇ ಇದೆ ಆ ಊರು. ನಮ್ಮತ್ತೆಯಂಥವರು ಸಂತೋಷವಾಗಿ ನಾಲ್ಕು ತಗೊಳ್ತಾರೆ.

ಡ್ಯೂಟಿ ಗಂಟೆಗಳ ವಿಷಯದಲ್ಲಿ ಸಾರಿಗೆ ಮತ್ತು ಕಾರ್ಮಿಕ ಇಲಾಖೆಯವರ ಜೊತೆ ಸೇರಿ, ಟ್ರಿಪ್ ಲೆಕ್ಕದಲ್ಲಿ ದುಡಿಯೋ ಟೂರಿಸ್ಟ್ ಟ್ಯಾಕ್ಸಿ ಡ್ರೈವರ್‌ಗಳಿಗೂ ಅನ್ವಯ ಆಗೋ ಹಂಗೆ ನಿಯಮ ತನ್ನಿ. ಇಡೀ ದಿನ ಡ್ಯೂಟಿ ಮಾಡಿದವರಿಗೆ ರಾತ್ರಿ 500 ಕಿಲೋಮೀಟರ್ ಓಡಿಸೋ ಪ್ಯಾಕೇಜ್ ಮಾರೋದನ್ನೇ ನಿಲ್ಲಿಸ್ಬೇಕು, ಅದು ಪ್ರಯಾಣಿಕರ ಜೀವದ ಪ್ರಶ್ನೆನೂ ಹೌದು.

ಟ್ರಾವೆಲ್ಸ್ ನಡೆಸೋರಿಗೂ ಹೋಟೆಲ್ ನಡೆಸೋರಿಗೂ ಇಲ್ಲೇ ಒಂದು ಮಾತು. ನಿಮ್ಮ ವ್ಯಾಪಾರ ಹಾಳಾಗ್ಲಿ ಅಂತ ನಾನು ಬರೀತಿಲ್ಲ. ನಿದ್ದೆ ಆಗಿರೋ ಡ್ರೈವರ್, ಸಂಬಳ ಸರಿಯಾಗಿ ಸಿಗೋ ಗೈಡ್ ಇದ್ರೆ ನಾವು ಗಿರಾಕಿಗಳು ಇನ್ನೂ ಸ್ವಲ್ಪ ಜಾಸ್ತಿ ಕೊಡೋಕೂ ರೆಡಿ. ಆದ್ರೆ ಆ ಜಾಸ್ತಿ ದುಡ್ಡು ಅವರಿಗೆ ಮುಟ್ಟತ್ತೆ ಅನ್ನೋ ಭರವಸೆ ಬೇಕು.

ಸಚಿವರೇ, ಈ ಪತ್ರಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಬರತ್ತೆ ಅಂತ ನಂಬಿದೀನಿ. ವಿಜಯಪುರ, ಹಂಪಿ, ಬಾದಾಮಿ, ಮೈಸೂರಿನ ಡ್ರೈವರ್‌ಗಳನ್ನೂ ಗೈಡ್‌ಗಳನ್ನೂ ನೀವೇ ಒಂದು ದಿನ ಕರೆಸಿ, ಏಜೆಂಟರು ಪಕ್ಕದಲ್ಲಿ ಇಲ್ಲದ ಹಾಗೆ, ಅವರ ಬಾಯಿಂದಲೇ ಕೇಳಿ. ನಾನು ಬರೆದಿರೋದರಲ್ಲಿ ಯಾವುದಾದ್ರೂ ಮಾತಿಗೆ ದಾಖಲೆ ಬೇಕಂದ್ರೆ ನಮ್ಮ ಬಿಲ್ಲು ನನ್ನ ಹತ್ರ ಇದೆ, ಕರೆದ ದಿನ ತಗೊಂಡು ಬರ್ತೀನಿ.

ಇಂತಿ ಗೌರವಪೂರ್ವಕವಾಗಿ,
ಬೆಂಗಳೂರಿನ ಒಬ್ಬ ಶಾಲಾ ಶಿಕ್ಷಕಿ